ಗ್ರಾನಾಡಾ ನೋಡುವುದು ಹೇಗೆ: ಅಲ್ಹಂಬ್ರಾ ಅರಮನೆ ಕೈತಪ್ಪದಂತೆ ಹಂತ ಹಂತದ ಮಾರ್ಗದರ್ಶಿ

ಸ್ಪೇನ್‌ನ ಗ್ರಾನಾಡಾಗೆ ಹೋಗಿ ಬಂದವರ ಹತ್ತಿರ ಮಾತಾಡಿದರೆ ಒಂದೇ ಕಥೆ ಮತ್ತೆ ಮತ್ತೆ ಕೇಳಿಸುತ್ತದೆ. "ಅಲ್ಹಂಬ್ರಾ ನೋಡಿದ್ವಿ, ಆದರೆ ಒಳಗಿನ ಅರಮನೆ ಸಿಗಲಿಲ್ಲ." ಕೆಲವರಿಗೆ ಟಿಕೆಟ್ಟೇ ಸಿಕ್ಕಿರುವುದಿಲ್ಲ. ಕೆಲವರ ಕೈಯಲ್ಲಿ ಟಿಕೆಟ್ ಇರುತ್ತದೆ, ಆದರೆ ಅದು ಬರೀ ತೋಟದ್ದು. ಇನ್ನು ಕೆಲವರು ಸರಿಯಾದ ಟಿಕೆಟ್ ಹಿಡಿದುಕೊಂಡು ಸರಿಯಾದ ಸಮಯಕ್ಕೆ ಬೇರೆ ಬಾಗಿಲಲ್ಲಿ ನಿಂತಿರುತ್ತಾರೆ.

ನಾನು ಹೋದ ದಿನ ನನ್ನ ಮುಂದೆಯೇ ಒಂದು ಕುಟುಂಬ ಹೀಗೆ ವಾಪಸ್ಸಾಯಿತು. ವಯಸ್ಸಾದ ಅಮ್ಮ, ಮಗಳು, ಮೊಮ್ಮಗ. ಅವರ ಸಮಯ ಹತ್ತೂವರೆಗೆ. ಬಾಗಿಲಿಗೆ ಬಂದಾಗ ಹನ್ನೊಂದು ದಾಟಿ ಹತ್ತು ನಿಮಿಷ. ಸಿಬ್ಬಂದಿ ಬೈಯಲಿಲ್ಲ, ಸುಮ್ನೆ ತಲೆಯಾಡಿಸಿದರು. ಅಮ್ಮ ಗೋಡೆ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು. ಆ ಮುಖ ಇನ್ನೂ ನೆನಪಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಎಲ್ಲ ತಪ್ಪುಗಳ ಬೇರು ಒಂದೇ: ನಾವು ಮೊದಲು ವಿಮಾನ, ಆಮೇಲೆ ಹೋಟೆಲ್, ಕೊನೆಗೆ ಟಿಕೆಟ್ ಅಂತ ಹೋಗುತ್ತೇವೆ. ಗ್ರಾನಾಡಾದಲ್ಲಿ ಇದು ತಿರುಗಮುರುಗ. ಮೊದಲು ಅರಮನೆಯೊಳಗೆ ಹೋಗಲು ಟಿಕೆಟ್‌ನಲ್ಲಿ ಕೊಡುವ ಅರ್ಧ ಗಂಟೆಯ ಸಮಯವನ್ನು ಗಟ್ಟಿ ಮಾಡಿಕೊಳ್ಳಬೇಕು. ಉಳಿದ ಊರು ಅದರ ಸುತ್ತ ಹೊಂದಿಕೊಳ್ಳುತ್ತದೆ.

## ಹಂತ 1: ಯಾವ ಟಿಕೆಟ್ ಬೇಕು ಅಂತ ಮೊದಲು ತಿಳಿದುಕೊಳ್ಳಿ

ಅಲ್ಹಂಬ್ರಾ ಅಂದರೆ ಒಂದು ಕಟ್ಟಡವಲ್ಲ. ಗುಡ್ಡದ ಮೇಲಿನ ಒಂದು ಕೋಟೆ ಊರು ಅನ್ನಿ. ಟಿಕೆಟ್ ಬೇಕಾಗುವ ಮುಖ್ಯ ಭಾಗಗಳು ಮೂರು. ಪಶ್ಚಿಮದ ತುದಿಯಲ್ಲಿ ಆಲ್ಕಸಾಬಾ ಎಂಬ ಕೋಟೆ. ಅದರ ಪಕ್ಕದಲ್ಲೇ ನಸ್ರಿದ್ ಅರಮನೆಗಳು, ಅಂದರೆ ಹಿಂದೆ ಗ್ರಾನಾಡಾ ಆಳಿದ ನಸ್ರಿದ್ ಎಂಬ ಮುಸ್ಲಿಂ ರಾಜವಂಶದವರದ್ದು. ಪೂರ್ವಕ್ಕೆ, ಸ್ವಲ್ಪ ಎತ್ತರದಲ್ಲಿ, ಹೆನೆರಾಲಿಫೆ ಎಂಬ ತೋಟ ಮತ್ತು ಬೇಸಿಗೆ ಅರಮನೆ. ಫೋಟೋಗಳಲ್ಲಿ ನೀವು ನೋಡಿರುವ ಸಿಂಹಗಳ ಅಂಗಳ, ನೀರಲ್ಲಿ ಮೂಡುವ ಗೋಪುರ, ಜೇನುಗೂಡಿನಂಥ ಚಾವಣಿ, ಇವೆಲ್ಲ ಇರುವುದು ನಸ್ರಿದ್ ಅರಮನೆಗಳಲ್ಲಿ ಮಾತ್ರ.

ನಿಮಗೆ ಬೇಕಾದದ್ದು 'ಅಲ್ಹಂಬ್ರಾ ಜನರಲ್' ಟಿಕೆಟ್. ಇದರಲ್ಲಿ ಮೂರೂ ಸೇರಿವೆ. ಬೆಲೆ ಸುಮಾರು 20 ಯೂರೊ, ಆಗಾಗ ಬದಲಾಗುತ್ತದೆ. ಟಿಕೆಟ್ ಮೇಲೆ 'ಪಲಾಸಿಯೋಸ್ ನಸರೀಯೆಸ್' (ನಸ್ರಿದ್ ಅರಮನೆಗಳು) ಎಂಬ ಹೆಸರು, ಅದರ ಪಕ್ಕ ಒಂದು ಗಡಿಯಾರದ ಸಮಯ, ಎರಡೂ ಇರಲೇಬೇಕು.

ಎಚ್ಚರದ ಗುರುತು ಇದು: ಬೇರೆ ಟಿಕೆಟ್‌ಗಳೆಲ್ಲ ಮುಗಿದು, ಒಂದು ಟಿಕೆಟ್ ಮಾತ್ರ ಧಾರಾಳವಾಗಿ ಸಿಗುತ್ತಿದೆ, ಬೆಲೆಯೂ ಕಡಿಮೆ, ಹೆಸರಲ್ಲಿ 'ಹಾರ್ದಿನೆಸ್' ಅಂತಿದೆ. ಸ್ಪ್ಯಾನಿಷ್‌ನಲ್ಲಿ ಇದು ಜೆ ಅಕ್ಷರದಿಂದ ಶುರುವಾಗುತ್ತದೆ. ಅರ್ಥ ತೋಟಗಳು. ಅದರಲ್ಲಿ ಹೆನೆರಾಲಿಫೆ ಮತ್ತು ಆಲ್ಕಸಾಬಾ ಇರುತ್ತವೆ, ನಸ್ರಿದ್ ಅರಮನೆಗಳು ಇರುವುದಿಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

## ಹಂತ 2: ಬುಕ್ ಮಾಡುವ ಮೊದಲು ಇವನ್ನು ಕೈಯಲ್ಲಿಟ್ಟುಕೊಳ್ಳಿ

ಟಿಕೆಟ್ ಮಾರುವ ಅಧಿಕೃತ ಸಂಸ್ಥೆಯ ಹೆಸರು 'ಪತ್ರೊನಾತೊ ದೆ ಲಾ ಅಲ್ಹಂಬ್ರಾ ಇ ಹೆನೆರಾಲಿಫೆ'. ಹುಡುಕಿದಾಗ ಮೊದಲು ಕಾಣುವುದು ಹೆಚ್ಚಾಗಿ ಮರುಮಾರಾಟದ ತಾಣಗಳು. ಬಣ್ಣ, ಚಿತ್ರ ಎಲ್ಲ ಅಸಲಿನಂತೆಯೇ ಇರುತ್ತವೆ. ಬೆಲೆ ಎರಡು ಪಟ್ಟು, ಮೂರು ಪಟ್ಟು ಇದ್ದರೆ ಅಲ್ಲಿಂದ ಹೊರಗೆ ಬನ್ನಿ. ಗೈಡ್ ಜೊತೆಗಿನ ಪ್ರವಾಸವನ್ನು ತಿಳಿದೇ ಕೊಳ್ಳುವುದಾದರೆ ಆ ಮಾತು ಬೇರೆ.

ಪಕ್ಕದಲ್ಲಿ ಇರಬೇಕಾದವು:

- ಎಲ್ಲರ ಪಾಸ್‌ಪೋರ್ಟ್, ಮಕ್ಕಳದ್ದೂ ಸೇರಿ
- ವಿದೇಶಿ ವಹಿವಾಟು ಆನ್ ಮಾಡಿರುವ ಕಾರ್ಡ್
- ಒಟಿಪಿ ಬರುವ ಫೋನ್

ಮಧ್ಯದ್ದಕ್ಕೆ ಒಂದು ಮಾತು. ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಭಾರತದ ಕಾರ್ಡ್‌ಗಳು ಮೊದಲಿಗೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಬ್ಯಾಂಕಿನ ಆ್ಯಪ್‌ಗೆ ಹೋಗಿ ವಿದೇಶಿ ಆನ್‌ಲೈನ್ ಪಾವತಿಯನ್ನು ನೀವೇ ಆನ್ ಮಾಡಬೇಕು. ಇದನ್ನು ಮಾಡದೆ ಪಾವತಿಗೆ ಹೋದರೆ ಹಣ ಹೋಗುವುದಿಲ್ಲ, ಅಷ್ಟರಲ್ಲಿ ನೀವು ಹಿಡಿದಿದ್ದ ಸಮಯ ಇನ್ನೊಬ್ಬರ ಪಾಲಾಗುತ್ತದೆ.

ಇನ್ನು ಹೆಸರು. ನಮ್ಮಲ್ಲಿ ಇದು ನಿಜವಾಗಿಯೂ ತೊಡಕಿನ ವಿಷಯ. ಫಾರ್ಮ್‌ನಲ್ಲಿ ಹೆಸರು, ಅಡ್ಡಹೆಸರು ಎರಡನ್ನೂ ಕೇಳುತ್ತಾರೆ. ನಮ್ಮ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ. ಕೆಲವರದ್ದರಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಒಂದೇ ಸಾಲಿನಲ್ಲಿ ಇರುತ್ತವೆ. ಕಚೇರಿಯಲ್ಲಿ ಬಳಸುವ ಇನಿಷಿಯಲ್ ಇಲ್ಲಿ ಬೇಡ. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದೇ ಅಕ್ಷರ ಹಾಕಿ. ಅಡ್ಡಹೆಸರು ಖಾಲಿ ಇದ್ದರೆ, ಹೆಸರಿನ ಕೊನೆಯ ಪದವನ್ನು ಆ ಜಾಗಕ್ಕೆ ಹಾಕಿ. ಪಾಸ್‌ಪೋರ್ಟ್ ಸಂಖ್ಯೆಯನ್ನು ಮಾತ್ರ ಎರಡು ಸಲ ಓದಿ ಹಾಕಿ. ಬಾಗಿಲಲ್ಲಿ ಹೋಲಿಸಿ ನೋಡುವುದು ಅದನ್ನೇ.

ಪಾಸ್‌ಪೋರ್ಟ್ ನವೀಕರಣ ಹತ್ತಿರವಿದೆಯಾ? ಮೊದಲು ಅದನ್ನು ಮುಗಿಸಿ, ಹೊಸ ಸಂಖ್ಯೆಯಲ್ಲಿ ಟಿಕೆಟ್ ತೆಗೆದುಕೊಳ್ಳಿ.

12 ವರ್ಷದ ಒಳಗಿನ ಮಕ್ಕಳಿಗೆ ದುಡ್ಡಿಲ್ಲ. ಆದರೆ ಟಿಕೆಟ್ ಬೇಕು. "ಉಚಿತ ಅಲ್ವಾ" ಅಂತ ಮಗುವಿನ ಹೆಸರು ಸೇರಿಸದೆ ಬಿಟ್ಟವರು ಅಲ್ಲಿ ಹೋಗಿ ಒದ್ದಾಡುತ್ತಾರೆ.

## ಹಂತ 3: ದಿನ ಮತ್ತು ಸಮಯ ಆರಿಸುವುದು

ಜನರಲ್ ಟಿಕೆಟ್‌ಗಳು ವಾರಗಳ ಮೊದಲೇ ಖಾಲಿಯಾಗುತ್ತವೆ. ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೂ ಬೇಗ. ಎರಡು ಮೂರು ತಿಂಗಳು ಮುಂಚೆ ಕ್ಯಾಲೆಂಡರ್ ತೆರೆದು ನೋಡಿ. ಮೊದಲು ಅಲ್ಲಿ ಸಿಗುವ ದಿನ ಹಿಡಿಯಿರಿ, ಆಮೇಲೆ ಗ್ರಾನಾಡಾದ ಹೋಟೆಲ್.

"ವೀಸಾನೇ ಬಂದಿಲ್ಲ, ಟಿಕೆಟ್ ಹೇಗೆ ತಗೊಳ್ಳೋದು?" ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆಯೇ. ಟಿಕೆಟ್ ಹಣ ವಾಪಸ್ ಬರುತ್ತದೆ ಅಂತ ನಂಬಿ ಕೊಳ್ಳಬೇಡಿ. ಆದರೂ ನನ್ನ ಅಭಿಪ್ರಾಯ ಹೀಗೆ: ಹೋಟೆಲ್ ಮತ್ತು ವಿಮಾನವನ್ನು ರದ್ದು ಮಾಡಬಹುದಾದ ರೀತಿಯಲ್ಲಿ ಬುಕ್ ಮಾಡಿ, ಈ 20 ಯೂರೊ ಮಾತ್ರ ಹೋದರೆ ಹೋಗಲಿ ಅಂದುಕೊಳ್ಳಿ. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕಿಂತ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹಾಗಾಗಿ ಎರಡನ್ನೂ ಒಟ್ಟಿಗೆ ನಡೆಸಲು ಸಮಯ ಇದ್ದೇ ಇರುತ್ತದೆ.

ಅಲ್ಹಂಬ್ರಾ ಏಪ್ರಿಲ್ 1ರಿಂದ ಅಕ್ಟೋಬರ್ 14ರವರೆಗೆ ಬೆಳಿಗ್ಗೆ 8:30ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. ಚಳಿಗಾಲದಲ್ಲಿ ಸಂಜೆ 6ಕ್ಕೇ ಮುಚ್ಚುತ್ತಾರೆ. ಡಿಸೆಂಬರ್ 25 ಮತ್ತು ಜನವರಿ 1 ರಜೆ.

ಸಮಯ ಆರಿಸುವಾಗ ಹತ್ತರಿಂದ ಹತ್ತೂವರೆ ನನಗೆ ಎಲ್ಲಕ್ಕಿಂತ ಇಷ್ಟ. ಅದಕ್ಕೆ ಮುಂಚೆ ಕೋಟೆ ನೋಡಿ ಮುಗಿಸಬಹುದು, ಆಮೇಲೆ ತೋಟಕ್ಕೆ ಹೋಗಬಹುದು. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ಹತ್ತಿರ ಹೋಗುವುದುಂಟು. ಹಿರಿಯರಿದ್ದರೆ ಮಧ್ಯಾಹ್ನ ಎರಡರಿಂದ ಐದರ ಸಮಯ ಬೇಡವೇ ಬೇಡ.

ಯಾವುದೂ ಸಿಗದಿದ್ದರೆ ಈ ಕ್ರಮದಲ್ಲಿ ನೋಡಿ. ಮೊದಲು 'ದೊಬ್ಲಾ ದೆ ಓರೊ' ಎಂಬ ಜಂಟಿ ಟಿಕೆಟ್. ಇದರಲ್ಲಿ ಅಲ್ಹಂಬ್ರಾ ಜೊತೆಗೆ ಕೆಳಗಿನ ಊರಿನ ಕೆಲವು ಹಳೆ ಕಟ್ಟಡಗಳೂ ಇರುತ್ತವೆ. ಜನರಲ್ ಮುಗಿದಿದ್ದರೂ ಇದರಲ್ಲಿ ಒಮ್ಮೊಮ್ಮೆ ಜಾಗ ಇರುತ್ತದೆ. ಎರಡನೆಯದು, ನಸ್ರಿದ್ ಅರಮನೆಗಳ ರಾತ್ರಿ ಭೇಟಿ. ಅದರ ಜೊತೆ ಹಗಲಿನ ತೋಟದ ಟಿಕೆಟ್ ತೆಗೆದುಕೊಂಡರೆ ಎಲ್ಲವೂ ನೋಡಿದಂತಾಯಿತು. ಮೂರನೆಯದು, ದಿನಕ್ಕೆ ಎರಡು ಮೂರು ಸಲ ಕ್ಯಾಲೆಂಡರ್ ತೆರೆದು ನೋಡುತ್ತಿರುವುದು. ಒಂದೆರಡು ಟಿಕೆಟ್ ಮತ್ತೆ ಕಾಣಿಸಿಕೊಳ್ಳುವುದುಂಟು.

## ಹಂತ 4: ಸರಿಯಾದ ಬಾಗಿಲಿಗೆ ಹೋಗುವುದು

ಮುಖ್ಯ ಪ್ರವೇಶದ್ವಾರ ಇರುವುದು ಹೆನೆರಾಲಿಫೆ ಕಡೆ, ಮೇಲಿನ ತುದಿಯಲ್ಲಿ. ಅಲ್ಲಿಂದ ನಸ್ರಿದ್ ಅರಮನೆಯ ಬಾಗಿಲಿಗೆ 15ರಿಂದ 20 ನಿಮಿಷದ ನಡಿಗೆ. ಹಿರಿಯರ ಜೊತೆ ಅರ್ಧ ಗಂಟೆ ಹಿಡಿಯಿರಿ. ನಾನು ಮೊದಲು ಹೇಳಿದ ಆ ಕುಟುಂಬ ಸೋತಿದ್ದು ಇಲ್ಲೇ. ಹತ್ತೂವರೆಗೆ ಸರಿಯಾಗಿ ಮುಖ್ಯದ್ವಾರದಲ್ಲಿದ್ದರು. ಟಿಕೆಟ್ ಮೇಲಿನ ಸಮಯ ಆ ದ್ವಾರದ್ದಲ್ಲ, ಅರಮನೆಯ ಬಾಗಿಲಿನದ್ದು.

ಟಿಕೆಟ್ ಮೊದಲೇ ಫೋನಿನಲ್ಲೋ ಕಾಗದದಲ್ಲೋ ಇದ್ದರೆ ಮುಖ್ಯದ್ವಾರಕ್ಕೆ ಹೋಗುವ ಅಗತ್ಯವೇ ಇಲ್ಲ. 'ಪುಯೆರ್ತಾ ದೆ ಲಾ ಹುಸ್ತೀಸಿಯಾ', ಅಂದರೆ ನ್ಯಾಯದ ಬಾಗಿಲಿನಿಂದ ಒಳಗೆ ಹೋಗಿ. ಅಲ್ಲಿಂದ ಅರಮನೆಯೂ ಕೋಟೆಯೂ ಕೆಲವೇ ನಿಮಿಷದ ದೂರ.

ಹೋಗುವ ದಾರಿ ಎರಡು. ಪ್ಲಾಸಾ ನುಯೆವಾ ಚೌಕದಿಂದ ಗೊಮೇರೆಸ್ ಏರುದಾರಿ ಹಿಡಿದು ಕಾಡಿನ ನಡುವೆ ನಡೆದರೆ ಸುಮಾರು 20 ನಿಮಿಷ. ಏರು ಚೆನ್ನಾಗಿಯೇ ಇದೆ, ಮಂಡಿನೋವಿನವರಿಗೆ ಬೇಡ. ಇನ್ನೊಂದು, ಪ್ಲಾಸಾ ಇಸಾಬೆಲ್ ಲಾ ಕತೋಲಿಕಾದಿಂದ ಸಿ30 ಎಂಬ ಕೆಂಪು ಮಿನಿಬಸ್. ಚಾಲಕರನ್ನು ಕೇಳುವಾಗ "ಅಲಾಂಬ್ರಾ" ಅನ್ನಿ. ಆ ಹೆಸರಿನಲ್ಲಿರುವ ಎಚ್ ಅಕ್ಷರವನ್ನು ಅಲ್ಲಿಯವರು ಉಚ್ಚರಿಸುವುದಿಲ್ಲ.

ಬೆನ್ನಿಗೆ ದೊಡ್ಡ ಚೀಲ ಬೇಡ. ಚಿಕ್ಕ ಬ್ಯಾಗ್ ಇದ್ದರೂ ಅರಮನೆಯೊಳಗೆ ಎದೆಗೆ ಹಾಕಿಕೊಳ್ಳಲು ಹೇಳುತ್ತಾರೆ. ಮಗುವಿನ ಗಾಡಿ, ಟ್ರೈಪಾಡ್ ಒಳಗೆ ಹೋಗುವುದಿಲ್ಲ. ಪಾಸ್‌ಪೋರ್ಟ್ ಹೋಟೆಲ್ ಲಾಕರ್‌ನಲ್ಲಿ ಬಿಟ್ಟು ಬರಬೇಡಿ. ಅದನ್ನು ಒಂದು ಸಲವಲ್ಲ, ಬೇರೆ ಬೇರೆ ಬಾಗಿಲಲ್ಲಿ ಕೇಳುತ್ತಾರೆ.

## ಹಂತ 5: ಅಲ್ಹಂಬ್ರಾದೊಳಗೆ ಯಾವ ಕ್ರಮದಲ್ಲಿ ನಡೆಯಬೇಕು

ಹತ್ತೂವರೆಯ ಸಮಯ ನಿಮ್ಮದು ಅಂತಿಟ್ಟುಕೊಳ್ಳೋಣ. ಪಶ್ಚಿಮದಿಂದ ಶುರು ಮಾಡಿ ಪೂರ್ವದಲ್ಲಿ ಮುಗಿಸಿ. ಹೀಗೆ ಹೋದರೆ ನಡೆದ ದಾರಿಯನ್ನು ಮತ್ತೆ ತುಳಿಯುವ ಕೆಲಸವಿಲ್ಲ.

ಮೊದಲು ಆಲ್ಕಸಾಬಾ, ಒಂಬತ್ತಕ್ಕೆ. ಮುಕ್ಕಾಲು ಗಂಟೆ ಸಾಕು. ವೇಲಾ ಗೋಪುರದ ಮೇಲೆ ಹತ್ತಿ. ಇಡೀ ಊರು ಕೆಳಗೆ ಹರಡಿರುತ್ತದೆ, ಮಧ್ಯಾಹ್ನ ನೀವು ಓಡಾಡುವ ಜಾಗಗಳನ್ನೆಲ್ಲ ಇಲ್ಲಿಂದಲೇ ಗುರುತಿಸಿಕೊಳ್ಳಬಹುದು.

ಹತ್ತೂಕಾಲಿಗೆ ಅರಮನೆಯ ಸಾಲಿಗೆ. ಅದಕ್ಕೆ ಮುಂಚೆ ಶೌಚಾಲಯಕ್ಕೆ ಹೋಗಿ ಬನ್ನಿ, ನೀರು ತುಂಬಿಸಿಕೊಳ್ಳಿ. ಅರಮನೆಯೊಳಗೆ ದಾರಿ ಒಂದೇ ದಿಕ್ಕಿನದು. ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ. ಅರ್ಧ ಗಂಟೆಯ ನಿಯಮ ಒಳಗೆ ಹೋಗುವುದಕ್ಕೆ ಮಾತ್ರ. ಒಳಗೆ ಎಷ್ಟು ಹೊತ್ತು ಬೇಕಾದರೂ ಇರಬಹುದು. ಇದು ಗೊತ್ತಿಲ್ಲದೆ ಜನ ಓಡುತ್ತಾರೆ. ನಿಮ್ಮ ಜೊತೆ ಒಳಗೆ ಬಂದ ಗುಂಪು ಮುಂದೆ ಹೋಗಲಿ. ಮೊದಲ ಕೋಣೆಯಲ್ಲೇ ಹತ್ತು ನಿಮಿಷ ನಿಂತುಬಿಡಿ. ಆಮೇಲೆ ಮುಂದಿನ ಗುಂಪು ಬರುವವರೆಗೆ ಸ್ವಲ್ಪ ಜಾಗ, ಸ್ವಲ್ಪ ಮೌನ ಸಿಗುತ್ತದೆ.

ನೋಡುವುದಕ್ಕೂ ಒಂದು ಕ್ರಮ ಇದೆ. ಎಲ್ಲರೂ ನೇರವಾಗಿ ಚಾವಣಿ ನೋಡಿ ಕುತ್ತಿಗೆ ನೋಯಿಸಿಕೊಳ್ಳುತ್ತಾರೆ. ನೀವು ಕೆಳಗಿನಿಂದ ಶುರು ಮಾಡಿ. ಗೋಡೆಯ ಕೆಳಭಾಗದಲ್ಲಿ ಬಣ್ಣದ ಹೆಂಚಿನ ತುಂಡುಗಳ ಜೋಡಣೆ. ಅದರ ಮೇಲೆ ಗಾರೆಯ ಕೆತ್ತನೆ. ಆ ಕೆತ್ತನೆಯ ಮಧ್ಯೆ ಬಳ್ಳಿಯಂತೆ ಹರಿಯುವ ಅರಬ್ಬಿ ಅಕ್ಷರ. ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ: ದೇವರಲ್ಲದೆ ಬೇರೆ ವಿಜಯಿ ಇಲ್ಲ. ಒಮ್ಮೆ ಅದರ ಆಕಾರ ಕಣ್ಣಿಗೆ ಸಿಕ್ಕಿತು ಅಂದರೆ ಪ್ರತಿ ಗೋಡೆಯಲ್ಲೂ ಕಾಣತೊಡಗುತ್ತದೆ. ಮಕ್ಕಳಿಗೆ ಹುಡುಕಲು ಹೇಳಿ, ಅವರು ನಮಗಿಂತ ಬೇಗ ಹುಡುಕುತ್ತಾರೆ. ಆದರೆ ಯಾರೂ ಗೋಡೆ ಮುಟ್ಟಬಾರದು. ಗಾರೆಗೆ ಕೈಯ ಎಣ್ಣೆ ವಿಷವಿದ್ದಂತೆ.

ಮಿರ್ಟಲ್ ಗಿಡಗಳ ಅಂಗಳದಲ್ಲಿ ಕೊಳದ ದಕ್ಷಿಣ ತುದಿಗೆ ಹೋಗಿ ಸ್ವಲ್ಪ ಬಗ್ಗಿ. ಕೊಮಾರೆಸ್ ಗೋಪುರ ಪೂರ್ತಿಯಾಗಿ ನೀರಲ್ಲಿ ಮೂಡುತ್ತದೆ. 

ಸಿಂಹಗಳ ಅಂಗಳದಲ್ಲಿ 12 ಸಿಂಹಗಳ ಮುಖವನ್ನು ಒಂದೊಂದಾಗಿ ಗಮನಿಸಿ. ಎಲ್ಲವೂ ಒಂದೇ ಅಚ್ಚಿನವಲ್ಲ, ಸಣ್ಣ ಸಣ್ಣ ವ್ಯತ್ಯಾಸಗಳಿವೆ. ಮೇಲಿನ ಬೋಗುಣಿಯ ಅಂಚಿನಲ್ಲಿ ಕೆತ್ತಿರುವುದು ಇಬ್ನ್ ಜಮ್ರಕ್ ಎಂಬ ಆಸ್ಥಾನ ಕವಿಯ ಪದ್ಯ. ಪಕ್ಕದ 'ಇಬ್ಬರು ಸೋದರಿಯರ ಕೋಣೆ'ಗೆ ಹೋದಾಗ ಮೊದಲು ನೆಲ ನೋಡಿ. ಅಲ್ಲಿ ಜೋಡಿ ಅಮೃತಶಿಲೆಯ ಚಪ್ಪಡಿಗಳಿವೆ, ಆ ಹೆಸರು ಬಂದದ್ದು ಅವುಗಳಿಂದಲೇ. ಆಮೇಲೆ ತಲೆ ಎತ್ತಿ. ಸಾವಿರಾರು ಚಿಕ್ಕ ಗಾರೆ ತುಂಡುಗಳ ಗುಮ್ಮಟ. ಕಿಟಕಿಯ ಬೆಳಕು ಸರಿದಂತೆ ಅದರ ನೆರಳೂ ಸರಿಯುತ್ತದೆ. ಒಂದು ಬದಿಗೆ ಸರಿದು ಐದು ನಿಮಿಷ ಸುಮ್ನೆ ನಿಲ್ಲಿ.

ಆಮೇಲೆ ಪಾರ್ತಾಲ್, ಕೊನೆಗೆ ಹೆನೆರಾಲಿಫೆ. ಅರಮನೆಯಿಂದ ಹೊರಬಿದ್ದರೆ ಪಾರ್ತಾಲ್ ಕೊಳ. ಅಲ್ಲಿಂದ ನಿಧಾನಕ್ಕೆ ಪೂರ್ವಕ್ಕೆ ನಡೆದು ಹೆನೆರಾಲಿಫೆ ಸೇರಿ. ಅಲ್ಲಿಗೂ ಕೋಟೆಗೂ ಒಂದೇ ಸಲ ಪ್ರವೇಶ. ಮುಗಿದ ಮೇಲೆ ಮುಖ್ಯದ್ವಾರದಿಂದ ಹೊರಬಂದು ಅದೇ ಸಿ30 ಬಸ್ಸಿನಲ್ಲಿ ಕೆಳಗಿಳಿಯಿರಿ. ಎಲ್ಲ ಸೇರಿ ನಾಲ್ಕು ಗಂಟೆ.

## ಹಂತ 6: ಕೆಥೆಡ್ರಲ್ ಮತ್ತು ರಾಜಸಮಾಧಿ

ಇದನ್ನು ಅಲ್ಹಂಬ್ರಾದ ದಿನವೇ ತುರುಕಬೇಡಿ. ಮರುದಿನ ಬೆಳಿಗ್ಗೆಗೆ ಇಡಿ. ಭಾನುವಾರ ಬೆಳಿಗ್ಗೆ ಮಾತ್ರ ಬೇಡ, ಕೆಥೆಡ್ರಲ್‌ನಲ್ಲಿ ಪೂಜೆ ಇರುವುದರಿಂದ ಪ್ರವಾಸಿಗರನ್ನು ಬಿಡುವುದು ಮಧ್ಯಾಹ್ನದ ನಂತರ.

ಎರಡೂ ಒಂದಕ್ಕೊಂದು ಅಂಟಿಕೊಂಡಿವೆ, ಆದರೆ ಬಾಗಿಲು ಬೇರೆ, ಟಿಕೆಟ್ ಬೇರೆ. ಕೆಥೆಡ್ರಲ್ ಒಳಗೆ ಹೋದವರು ಸಮಾಧಿ ಹುಡುಕುತ್ತಾ ಸುತ್ತುತ್ತಾರೆ. 'ಕಪಿಯಾ ರೆಯಾಲ್' ಎಂಬ ರಾಜಸಮಾಧಿ ಮಂದಿರದ ಬಾಗಿಲು ಓಫೀಸಿಯೋಸ್ ಎಂಬ ಓಣಿಯಲ್ಲಿದೆ. ಸಮಯ ಒಂದಕ್ಕೆ ಮಾತ್ರ ಇದ್ದರೆ ನಾನು ಇದನ್ನೇ ಆರಿಸುತ್ತೇನೆ.

ಇಲ್ಲಿ ಮಲಗಿರುವವರು ರಾಣಿ ಇಸಬೆಲ್ಲಾ ಮತ್ತು ರಾಜ ಫರ್ಡಿನೆಂಡ್. ಕೊಲಂಬಸ್‌ನನ್ನು ಕಳಿಸಿದವರು, 1492ರಲ್ಲಿ ಇದೇ ಗ್ರಾನಾಡಾವನ್ನು ಗೆದ್ದವರು. ಮೇಲೆ ದೊಡ್ಡ ಅಮೃತಶಿಲೆಯ ಮೂರ್ತಿಗಳಿವೆ. ಎಷ್ಟೋ ಜನ ಅದನ್ನು ನೋಡಿ ಹೊರಟುಬಿಡುತ್ತಾರೆ. ಪಕ್ಕದ ಮೆಟ್ಟಿಲಲ್ಲಿ ಕೆಳಗಿಳಿಯಿರಿ. ಚಿಕ್ಕ ನೆಲಮಾಳಿಗೆ. ಅದರಲ್ಲಿ ಐದು ಸೀಸದ ಪೆಟ್ಟಿಗೆಗಳು, ಯಾವ ಅಲಂಕಾರವೂ ಇಲ್ಲ. ಅವೇ ಅವರಿಬ್ಬರ ಮತ್ತು ಅವರ ಕುಟುಂಬದವರ ಶವಪೆಟ್ಟಿಗೆಗಳು. ಆಮೇಲೆ ವಸ್ತುಸಂಗ್ರಹದ ಕೋಣೆ. ಅಲ್ಲಿ ಇಸಬೆಲ್ಲಾಳ ಕಿರೀಟ, ಫರ್ಡಿನೆಂಡ್‌ನ ಖಡ್ಗ ಮತ್ತು ರಾಣಿ ಕೂಡಿಟ್ಟಿದ್ದ ಚಿತ್ರಗಳಿವೆ.

ಹೊರಗೆ ಒಂದು ಎಚ್ಚರ. ಕೆಥೆಡ್ರಲ್ ಸುತ್ತ ಕೆಲವು ಹೆಂಗಸರು ರೋಸ್‌ಮೇರಿ ಗಿಡದ ಒಂದು ಕಡ್ಡಿಯನ್ನು ನಗುತ್ತಾ ಚಾಚುತ್ತಾರೆ. ಕೈಗೆ ತೆಗೆದುಕೊಂಡರೆ ಕೈ ಹಿಡಿದು ಭವಿಷ್ಯ ಹೇಳಲು ಶುರು, ಆಮೇಲೆ ದುಡ್ಡಿಗೆ ಒತ್ತಾಯ. "ನೋ, ಗ್ರಾಸಿಯಸ್" ಅಂತ ಹೇಳಿ, ಕೈ ಜೇಬಿನಲ್ಲಿಟ್ಟುಕೊಂಡು ನಡೆಯುತ್ತಿರಿ. ನಿಲ್ಲಬೇಡಿ.

## ಹಂತ 7: ಆಲ್ಬೈಸಿನ್ ಗುಡ್ಡ

ಅಲ್ಹಂಬ್ರಾದ ಎದುರಿನ ಗುಡ್ಡವೇ ಹಳೆ ಮೂರಿಷ್ ಕೇರಿ, ಅಂದರೆ ಹಿಂದೆ ಇಲ್ಲಿದ್ದ ಮುಸ್ಲಿಮರ ಕೇರಿ, ಆಲ್ಬೈಸಿನ್. ಜನ ಇದನ್ನು ಕೆಳಗಿನಿಂದ ಮೇಲಕ್ಕೆ ಹತ್ತಿ ಸುಸ್ತಾಗುತ್ತಾರೆ. ಮಧ್ಯಾಹ್ನ ನೋಡುವುದಾದರೆ ಬಸ್ಸಲ್ಲಿ ಮೇಲೆ ಹೋಗಿ, ಕಾಲ್ನಡಿಗೆಯಲ್ಲಿ ಇಳಿಯಿರಿ. ಸೂರ್ಯಾಸ್ತ ಬೇಕು ಅಂದರೆ ಮೊದಲು ಕೆಳಗಿನದ್ದು ಮುಗಿಸಿ, ಆಮೇಲೆ ಬಸ್ಸಲ್ಲಿ ಮೇಲೆ.

ಕೆಳಗೆ ದಾರ್ರೊ ನದಿಯ ಪಕ್ಕದ ಕಿರಿದಾದ ರಸ್ತೆಯಲ್ಲಿ 'ಬನುಯೆಲೊ' ಎಂಬ 11ನೇ ಶತಮಾನದ ಸ್ನಾನಗೃಹ ಇದೆ. ಚಾವಣಿಯಲ್ಲಿ ನಕ್ಷತ್ರದಾಕಾರದ ಕಿಂಡಿಗಳು. ಬಿಸಿಲಿದ್ದಾಗ ಬೆಳಕಿನ ಚುಕ್ಕಿಗಳು ನೆಲದ ಮೇಲೆ ಬಿದ್ದಿರುತ್ತವೆ. ಈ ರಸ್ತೆಯಲ್ಲಿ ನಡೆಯುವಾಗ ಮಿನಿಬಸ್ ಬಂದರೆ ಗೋಡೆಗೆ ಬೆನ್ನು ಒತ್ತಿ ನಿಲ್ಲಬೇಕು, ಅಷ್ಟು ಕಿರಿದು. ಮಕ್ಕಳ ಕೈ ಹಿಡಿದುಕೊಳ್ಳಿ.

ಮೇಲೆ ಸಾನ್ ನಿಕೊಲಾಸ್ ಕಟ್ಟೆ. ಸಂಜೆ ಅಲ್ಹಂಬ್ರಾ ಕೆಂಪಾಗುವುದನ್ನು, ಹಿಂದೆ ಸಿಯೆರಾ ನೆವಾಡಾದ ಹಿಮವನ್ನು ನೋಡಲು ಎಲ್ಲರೂ ಬರುವುದು ಇಲ್ಲಿಗೇ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಹೋದರೆ ಮಾತ್ರ ಕಟ್ಟೆಯ ಮೇಲೆ ಜಾಗ. ಎಲ್ಲರ ಕಣ್ಣು ಆಚೆ ಇರುವಾಗ ಜೇಬುಗಳ್ಳರ ಕಣ್ಣು ನಿಮ್ಮ ಬ್ಯಾಗಿನ ಮೇಲಿರುತ್ತದೆ. ಜಿಪ್ ಮುಂದಕ್ಕಿರಲಿ. ತೀರ ಗಲಾಟೆ ಅನ್ನಿಸಿದರೆ ಪಕ್ಕದ ಮಸೀದಿಯ ತೋಟಕ್ಕೆ ಹೋಗಿ. ತೆರೆದಿದ್ದಾಗ ಯಾರು ಬೇಕಾದರೂ ಹೋಗಬಹುದು, ಅದೇ ನೋಟ, ಜನ ಕಡಿಮೆ.

ಚಪ್ಪಲಿ ಬಗ್ಗೆ ಒಂದು ಮಾತು. ಇಲ್ಲಿಯ ಓಣಿಗಳಿಗೆ ಹಾಸಿರುವುದು ನುಣುಪಾದ ಉರುಟು ಕಲ್ಲು. ಮಳೆ ಬಂದರೆ ಜಾರುತ್ತದೆ. ಹಿಡಿತವಿರುವ ಶೂ ಹಾಕಿ. ಚಕ್ರದ ಸೂಟ್‌ಕೇಸ್ ಈ ಕಲ್ಲಿನ ಮೇಲೆ ಎಳೆಯಲಾಗುವುದಿಲ್ಲ. ಆದ್ದರಿಂದ ಆಲ್ಬೈಸಿನ್ ಒಳಗೆ ಹೋಟೆಲ್ ಹಿಡಿಯುವ ಆಸೆ ಹಿರಿಯರು ಜೊತೆಗಿದ್ದರೆ ಬಿಟ್ಟುಬಿಡಿ. ಬಾಡಿಗೆ ಕಾರೂ ಬೇಡ. ಹಳೆ ಊರಿನ ರಸ್ತೆಗಳಿಗೆ ಅನುಮತಿ ಇಲ್ಲದ ವಾಹನ ನುಗ್ಗಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ಆಮೇಲೆ ಬರುತ್ತದೆ.

## ಹಂತ 8: ಊಟದ ಹೊತ್ತು

ಮಧ್ಯಾಹ್ನ ನಾಲ್ಕರಿಂದ ರಾತ್ರಿ ಎಂಟರವರೆಗೆ ಎಷ್ಟೋ ಹೋಟೆಲ್‌ಗಳಲ್ಲಿ ಅಡುಗೆಮನೆ ಮುಚ್ಚಿರುತ್ತದೆ. ಅಲ್ಹಂಬ್ರಾದಿಂದ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಇಳಿದರೆ ಊಟ ಸಿಗುತ್ತದೆ. ಸಸ್ಯಾಹಾರಿಗಳು "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್" ಅಂತ ಮೂರನ್ನೂ ಹೇಳಬೇಕು: ಮಾಂಸ ಬೇಡ, ಹಂದಿಮಾಂಸ ಬೇಡ, ಟ್ಯೂನಾ ಬೇಡ. ಬರೀ ಮೊದಲನೆಯದು ಹೇಳಿದರೆ ಸಲಾಡ್ ಮೇಲೆ ಟ್ಯೂನಾ ಬಂದುಬಿಡುತ್ತದೆ. 'ಬೆರೆನ್ಹೇನಾಸ್ ಕೋನ್ ಮಿಯೆಲ್' ಕೇಳಿ. ಬದನೆಕಾಯಿ ಕರಿದು, ಮೇಲೆ ಕಬ್ಬಿನ ಕಾಕಂಬಿ ಹಾಕಿ ಕೊಡುತ್ತಾರೆ. ನಮ್ಮ ನಾಲಿಗೆಗೆ ಬೇಗ ಹೊಂದುತ್ತದೆ.

## ಎಲ್ಲ ಪ್ರಯತ್ನ ಮಾಡಿಯೂ ಟಿಕೆಟ್ ಸಿಗದಿದ್ದರೆ

ಆಗಲೂ ಗುಡ್ಡ ಹತ್ತಿ. ನ್ಯಾಯದ ಬಾಗಿಲು, ಅದರೊಳಗಿನ ಬೀದಿ, ಐದನೇ ಚಾರ್ಲ್ಸ್‌ನ ಅರಮನೆ, ಇವಕ್ಕೆ ಟಿಕೆಟ್ ಬೇಡ. ಈ ಅರಮನೆ ಹೊರಗಿನಿಂದ ಚೌಕ, ಒಳಗೆ ಹೋದರೆ ಪೂರ್ತಿ ದುಂಡನೆಯ ಅಂಗಳ. ಆ ಅಂಗಳದ ನಟ್ಟನಡುವೆ ನಿಂತು ಮೆಲ್ಲಗೆ ಮಾತಾಡಿ ನೋಡಿ. ನಿಮ್ಮ ದನಿ ನಿಮ್ಮ ಕಿವಿಗೇ ದೊಡ್ಡದಾಗಿ ವಾಪಸ್ ಬರುತ್ತದೆ. ಅಲ್ಲಿ ಕೂತು ಫೋನ್ ತೆಗೆದು ರಾತ್ರಿ ಭೇಟಿಯ ಟಿಕೆಟ್ ಇನ್ನೊಮ್ಮೆ ನೋಡಿ.